ಬಂಡೆಬಾಗಿಲಿನ ಎರಡನೆಯ ಬೀಗದಕೈ

ಬಹಳ ಬಹಳ ಹಿಂದೆ, ಬಾಗಿಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ನೀಲಾವತಿ ಎಂಬ ರಾಜ್ಯವಿತ್ತು. ಧೂಮಾಕ್ಷನೆಂಬ ಮಾಂತ್ರಿಕ ಆಗಾಗ ಆ ರಾಜ್ಯದ ಮೇಲೆ ವಿಷದ ಹೊಗೆ ಬಿಡುತ್ತಿದ್ದ. ಹೊಗೆ ಕಂಡೊಡನೆ ಊರಿನವರೆಲ್ಲ ಓಡಿ ಬೆಟ್ಟದ ಗುಹೆ ಸೇರುತ್ತಿದ್ದರು. ಗುಹೆಗೆ ಒಂದೇ ಬಂಡೆಬಾಗಿಲು, ಬಾಗಿಲಿಗೆ ಒಂದೇ ಬೀಗದಕೈ. ಅದು ತನ್ನ ಗುಟ್ಟಿನ ಹೆಸರನ್ನು ಉಸುರಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

ಆ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುವವಳು ಬೊಮ್ಮಕ್ಕ. ಉಣ್ಣುವಾಗ, ನೀರು ಸೇದುವಾಗ, ಮಾತಾಡುವಾಗ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮುಟ್ಟಿದರೂ ಸಮಾಧಾನವಿಲ್ಲ.

“ಮಹಾಪ್ರಭು, ಇದು ಕಳೆದುಹೋದರೆ ಗತಿಯೇನು?” ಎಂದು ಅರಸ ವಜ್ರಸೇನನನ್ನು ಕೇಳಿದಳು.

ಅರಸ ನಕ್ಕುಬಿಟ್ಟ. “ಏಳು ತಲೆಮಾರಿನಿಂದ ಕಳೆಯದ್ದು ಈಗ ಕಳೆಯುತ್ತದೆಯೇ? ಹೋಗಮ್ಮ, ನೆಮ್ಮದಿಯಾಗಿರು.”

ನೆಮ್ಮದಿ ಎಲ್ಲಿಂದ ಬರಬೇಕು? ಬೊಮ್ಮಕ್ಕ ಬುತ್ತಿ ಕಟ್ಟಿಕೊಂಡು ಕಿಡಿಬೆಟ್ಟದ ಕಮ್ಮಾರ ಸಿದ್ಧಾಚಾರಿಯ ಬಳಿಗೆ ಹೋದಳು.

“ಇದರ ಪಡಿಯಚ್ಚು ತೆಗೆಯಲಾಗದು ತಾಯಿ,” ಎಂದ ಮುದುಕ. “ಹೊಸದನ್ನೇ ಮಾಡಬೇಕು. ಹಳೆಯದು ಕೈಲಿರುವಾಗಲೇ ಅದನ್ನು ಬಾಗಿಲಿಗೆ ಪರಿಚಯಿಸಬೇಕು. ಹಳೆಯದು ಕಳೆದ ಮೇಲೆ ಬಾಗಿಲು ಯಾರ ಮಾತನ್ನೂ ನಂಬದು.”

ಅವನು ಮಾಡಿಕೊಟ್ಟದ್ದನ್ನು ಬೊಮ್ಮಕ್ಕ ಪರೀಕ್ಷಿಸದೆ ಒಯ್ಯಲಿಲ್ಲ. ಬೆಂಕಿಸರ್ಪದ ಬಾಯಿಗೆ ಎಸೆದಳು. ಕೆಂಪಗೆ ಕಾದರೂ ಹೆಸರು ಹೇಳಿತು. ಮಡುವಿನ ಮೊಸಳೆಗೆ ನುಂಗಿಸಿದಳು. ಮೊಸಳೆ ಉಗುಳುವ ತನಕ ದಡದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ತಿರುಗಾಡಿದಳು. ಆಗಲೂ ಹೆಸರು ಹೇಳಿತು. ಆನೆಗಾತ್ರದ ಯಾಳಿಯ ಕಾಲಡಿ ಇಟ್ಟಳು. ಲಟಕ್ಕೆಂದು ಮುರಿಯಿತು!

“ಇನ್ನೊಂದು ಮಾಡಿ, ಆಚಾರಿಗಳೇ.”

ಆ ಇನ್ನೊಂದು ಮೂರನ್ನೂ ಗೆದ್ದಿತು.

ಹಳೆಯ ಬೀಗದಕೈ ಬಂಡೆಬಾಗಿಲಿಗೆ, “ಇದು ನನ್ನ ತಂಗಿ,” ಎಂದಿತು. “ಗೊತ್ತಾಯಿತು,” ಎಂದಿತು ಬಾಗಿಲು. ಬೊಮ್ಮಕ್ಕ ತಂಗಿಯಿಂದಲೇ ಬಾಗಿಲು ತೆರೆಸಿ ನೋಡಿ, ಅದನ್ನು ಹೊಳೆಯಾಚೆಯ ನಾದಿನಿ ಮಾಕಾಂಬೆಯ ಕೈಗೆ ಕೊಟ್ಟಳು. ಮಾಕಾಂಬೆ ದೋಣಿ ನಡೆಸುವವಳು.

“ನಿಮ್ಮಲ್ಲೇ ಇರಲಿ ಅತ್ತಿಗೆ, ನನಗ್ಯಾಕೆ?”

“ಎರಡೂ ಒಂದೇ ಸೊಂಟದಲ್ಲಿದ್ದರೆ ಕಳ್ಳನಿಗೆ ಎರಡೂ ಸಿಗುತ್ತವೆ ಕಣೇ.”

ಒಂದು ಮಧ್ಯಾಹ್ನ ಹದ್ದೊಂದು ಸರ್ರನೆ ಎರಗಿ ಬೊಮ್ಮಕ್ಕನ ಸೊಂಟದಿಂದ ಬೀಗದಕೈ ಕಿತ್ತುಕೊಂಡು ಹಾರಿತು. ಅದು ಹದ್ದಲ್ಲ, ಧೂಮಾಕ್ಷ! ಹಿಂದೆಯೇ ಬಡಗಣ ದಿಕ್ಕಿನಿಂದ ಕಪ್ಪು ಹೊಗೆ ಉರುಳುರುಳಿ ಬಂತು. ಜನ ಬಾಗಿಲ ಮುಂದೆ ಗೋಳಾಡಿದರು. ಅರಸ ಎರಡೂ ಕೈಯಿಂದ ಬಂಡೆ ಗುದ್ದಿದ. ಬೊಮ್ಮಕ್ಕ ಹೊಳೆಗೆ ಓಡಿ, “ಮಾಕಾಂಬೇ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಹೊಗೆ ಕಂಡ ಮಾಕಾಂಬೆ ಆಗಲೇ ನಡುಹೊಳೆಯಲ್ಲಿದ್ದಳು.

ದಡ ಮುಟ್ಟಿದೊಡನೆ ಇಬ್ಬರೂ ಗುಹೆಗೆ ಓಡಿದರು. ತಂಗಿ ಹೆಸರು ಉಸುರಿತು. ಬಾಗಿಲು ತೆರೆಯಿತು. ಕೊನೆಯ ಮಗು ಒಳಗೆ ಬಂದೊಡನೆ ಮುಚ್ಚಿಕೊಂಡಿತು.

“ಸದ್ಯ, ಬದುಕಿದೆವು!” ಎಂದ ಅರಸ.

“ಇನ್ನೂ ಇಲ್ಲ ಪ್ರಭು. ಅಕ್ಕ ಅವನ ಕೈಲಿದ್ದಾಳೆ.” ಬೊಮ್ಮಕ್ಕ ತಂಗಿಯನ್ನು ಕೈಲಿ ಹಿಡಿದು ಬಾಗಿಲಿಗೆ ಹಣೆ ಹಚ್ಚಿದಳು. ಅಷ್ಟು ವರ್ಷ ಮೈಗೆ ಅಂಟಿಕೊಂಡಿದ್ದದ್ದು; ಬರಿದಾದ ಸೊಂಟವನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಕೊನೆಗೆ, “ಮೊದಲಿನವಳನ್ನು ಮರೆತುಬಿಡು,” ಎಂದಳು.

“ಮರೆತೆ,” ಎಂದಿತು ಬಾಗಿಲು.

ಮೂರು ಗಳಿಗೆ ಮೀರಿದರೆ ಆ ಹೊಗೆ ಧೂಮಾಕ್ಷನನ್ನೂ ಬಿಡುತ್ತಿರಲಿಲ್ಲ. ಗುಹೆಗೆ ನುಗ್ಗಿ ತಾನೇ ಅರಸನಾಗುವುದು ಅವನ ಹಂಚಿಕೆ. ಕದ್ದ ಬೀಗದಕೈ ಹಿಡಿದು ಬಂದ.

“ನಾನು ಬಂದಿದ್ದೇನೆ,” ಎಂದು ಅದು ತನ್ನ ಹೆಸರು ಉಸುರಿತು.

“ನೀನು ಯಾರೋ ತಿಳಿಯದು,” ಎಂದಿತು ಬಾಗಿಲು.

ಧೂಮಾಕ್ಷ ಬೇಡಿದ, ಬೈದ, ಕೆಮ್ಮಿದ. ಆಮೇಲೆ ಸದ್ದಿಲ್ಲ. ಜನ ಹೊರಗೆ ಬಂದಾಗ ಹೊಗೆಯೂ ಇರಲಿಲ್ಲ, ಅವನೂ ಇರಲಿಲ್ಲ; ಹಿಡಿ ಬೂದಿಯಷ್ಟೇ ಉಳಿದಿತ್ತು.

ಊರೆಲ್ಲ ಕುಣಿಯುತ್ತಿದ್ದಾಗ ಬೊಮ್ಮಕ್ಕ ಮತ್ತೆ ಕಿಡಿಬೆಟ್ಟಕ್ಕೆ ಹೊರಟು ನಿಂತಿದ್ದಳು.

“ಮಾಂತ್ರಿಕ ಸತ್ತನಲ್ಲಮ್ಮ, ಇನ್ನೇಕೆ?” ಎಂದ ಅರಸ.

“ಬಾಗಿಲಿಗೆ ಗುರುತಿರುವ ಬೀಗದಕೈ ಈಗ ಉಳಿದಿರುವುದು ಒಂದೇ, ಪ್ರಭು.”

ಅರಸ ಈ ಸಲ ನಗಲಿಲ್ಲ. ಅವಳ ಬುತ್ತಿಯನ್ನು ತಾನೇ ಹೆಗಲಿಗೇರಿಸಿಕೊಂಡು ಜೊತೆಗೆ ನಡೆದ. ನೀಲಾವತಿಯವರು ಬಹುಕಾಲ ಸುಖವಾಗಿ ಬಾಳಿದರು.