ಅತ್ತಿಯ ಟ್ಯಾಬಿನಲ್ಲಿ ಅಕ್ಷರ ಕಳ್ಳತನ

"ಇದನ್ನ ಓದು," ಎಂದಳು ನಾಗರತ್ನಾ ಅತ್ತಿ, ದಾನುವಿನ ಸೋದರತ್ತೆ. ಟ್ಯಾಬನ್ನು ದಾನುವಿನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು.

ದಾನು ಓದಿದಳು. "ಮಲಪ್ರಭಾ ನದಿ ಹುಟ್ಟುವ ಸ್ಥಳ, ಕಣಕು."

"ಕಣಕು ಅಂತ ಯಾವುದರ ಊರ ಐತೇನು?"

"ಕಣಕುಂಬಿ ಅಲ್ಲೇನ ಅತ್ತಿ? ನಮ್ಮ ಸಾಲಿ ಪುಸ್ತಕದಾಗ ಐತಿ."

"ನನಗೂ ಗೊತ್ತೈತಿ. ರಾತ್ರಿ ಮಲಗೂ ಮುಂದ ನಾ ಕಣಕುಂಬಿ ಅಂತನ ಬರದಿದ್ನಿ. ಕಡೀಕಿನ ಅಕ್ಷರ ಎಲ್ಲಿ ಹೋತು?"

"ನಾ ಮುಟ್ಟಿಲ್ಲ."

"ಮೊನ್ನೆನೂ ಹಿಂಗ ಆಗಿತ್ತು. ಅದರ ಹಿಂದಿನ ದಿನಾನೂ ಆಗಿತ್ತು. ದಿನಾ ಕಡೀ ಶಬ್ದ ಮಾಯ." ಅತ್ತಿ ಟ್ಯಾಬಿನ ಅಂಚಿನ ಮೇಲೆ ಬೆರಳಾಡಿಸಿ ತೋರಿಸಿದಳು. ಬೆರಳಿಗೆ ಬೆಳ್ಳನೆಯ ಪುಡಿ ಹತ್ತಿತ್ತು. "ಇದೇನು?"

ದಾನು ಎರಡೂ ಕೈಗಳನ್ನು ತಟ್ಟನೆ ಬೆನ್ನ ಹಿಂದೆ ಇಟ್ಟುಕೊಂಡಳು. ನಿನ್ನೆ ಸಂಜೆ ಓಣಿಯ ಹುಡುಗರನ್ನು ಕೂಡಿಸಿಕೊಂಡು ಹಿತ್ತಲ ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ಬರೆದು, ಟೀಚರ್ ಆಟ ಆಡಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಇತ್ತು.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡಂಗಾತು," ಎಂದಳು ಅತ್ತಿ. "ಇವತ್ತಿನಿಂದ ಟ್ಯಾಬ್ ಬಂದ್. ಓದೂದೂ ಬ್ಯಾಡ, ಮುಟ್ಟೂದೂ ಬ್ಯಾಡ."

ಅಷ್ಟು ಹೇಳಿ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಬೈಲಹೊಂಗಲದ ಬಸ್ಸು ಹಿಡಿಯಲು ಹೋಗಿಬಿಟ್ಟಳು.

ಸಿಟ್ಟು ಬಂದರೆ ದಾನುವಿನ ಮೂಗಿನ ತುದಿ ಕೆಂಪಾಗುತ್ತದೆ. ಅವತ್ತು ಮೂಗಷ್ಟೇ ಅಲ್ಲ, ಕಿವಿಯೂ ಕೆಂಪಾಯಿತು. ಮೊಸರು ತಿಂದದ್ದು ಯಾವ ಕೋತಿಯೋ, ಒರೆಸಿದ್ದು ಮಾತ್ರ ಈ ಮೇಕೆಯ ಬಾಯಿಗೆ. ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ ಹೇಳಿ?

ಅದು ಅಂಥಿಂಥ ಟ್ಯಾಬ್ ಅಲ್ಲ. ಅತ್ತಿ ಎರಡು ವರ್ಷ ಮಕ್ಕಳಿಗೆ ಟ್ಯೂಷನ್ ಹೇಳಿ ಕೊಂಡುಕೊಂಡದ್ದು. ಮೊದಲ ದಿನ ಅದರಲ್ಲಿ ಗೇಮ್ ಇಲ್ಲ, ವಿಡಿಯೋ ಇಲ್ಲ ಎಂದು ತಿಳಿದಾಗ ದಾನು ಮೂಗು ಮುರಿದಿದ್ದಳು. ಬಣ್ಣ ಕೂಡ ಇರಲಿಲ್ಲ. ಪರದೆ ಟಿವಿಯಂತೆ ಹೊಳೆಯುತ್ತಿರಲಿಲ್ಲ, ಪುಸ್ತಕದ ಹಾಳೆಯ ಹಾಗೆ ತಣ್ಣಗಿತ್ತು.

ಆದರೆ ಅತ್ತಿ ಅದರ ಪೆನ್ನು ತೆಗೆದು ಬರೆಯತೊಡಗಿದಾಗ ದಾನು ಬಿಟ್ಟ ಬಾಯಿ ಬಿಟ್ಟಂತೆಯೇ ಕುಳಿತಳು. ಸರ್ ಸರ್ ಎಂದು ಪೆನ್ಸಿಲ್ಲಿನದೇ ಸದ್ದು. ಅತ್ತಿಯ ಅಕ್ಷರ ಅತ್ತಿಯದೇ ಅಕ್ಷರವಾಗಿ ಮೂಡುತ್ತಿತ್ತು. ತಪ್ಪಿದರೆ ಪೆನ್ನನ್ನು ತಿರುವಿ ಹಿಂಬದಿಯಿಂದ ಉಜ್ಜಿದರಾಯಿತು, ಕಲೆಯೇ ಇಲ್ಲ. ಅತ್ತಿ ಪಿಡಿಓ ಪರೀಕ್ಷೆಗೆ ಓದುತ್ತಿದ್ದಳು. ಮೊದಲು ಹದಿನಾಲ್ಕು ನೋಟ್‌ಬುಕ್ಕುಗಳನ್ನು ಹೊತ್ತುಕೊಂಡು ಬೈಲಹೊಂಗಲದ ಕ್ಲಾಸಿಗೆ ಹೋಗುತ್ತಿದ್ದಳು. ಈಗ ಹದಿನಾಲ್ಕೂ ಇದರ ಹೊಟ್ಟೆಯಲ್ಲಿ. ಬಸ್ಸಿನಲ್ಲಿ ಕಿಟಕಿಯ ಬಿಸಿಲು ಬಿದ್ದರೂ ಓದಬಹುದು.

ಅದೂ ಒಂದು ಸ್ಲೇಟೇ ಎಂದುಕೊಂಡ ಅಜ್ಜಿ ಗುರುಬಸವ್ವ ಅದಕ್ಕೆ 'ನಾಗಿಯ ಪಾಟಿ' ಎಂದು ಹೆಸರಿಟ್ಟಿದ್ದಳು. ದಾನು ಅಜ್ಜಿಯನ್ನು ಕರೆಯುವುದು ಆಯಿ ಎಂದು. ಆಯಿಗೆ ಓದಲು ಬರುವುದಿಲ್ಲ. ಆದರೂ ಟ್ಯಾಬ್ ಇಟ್ಟ ಗೋಡೆಯ ಮಾಡದಲ್ಲಿ ಉಪ್ಪಿನಕಾಯಿ ಭರಣಿ ಇಡಲು ಯಾರನ್ನೂ ಬಿಡುತ್ತಿರಲಿಲ್ಲ.

ದಾನುವಿಗೂ ಅದರಲ್ಲಿ ಪಾಲಿತ್ತು. ದಿನಾ ಸಂಜೆ ಹೋಮ್‌ವರ್ಕ್ ಮುಗಿಸಿದರೆ ಅರ್ಧ ತಾಸು ಕತೆ ಓದಬಹುದು. ಈಗ ಓದುತ್ತಿದ್ದದ್ದು ಹಡಗಿನಲ್ಲಿ ಅಡಗಿ ಕುಳಿತ ಒಬ್ಬ ಹುಡುಗಿಯ ಕತೆ. ಹಡಗು ಕಲ್ಲಿಗೆ ಬಡಿದು ನೀರು ಒಳಗೆ ನುಗ್ಗುವ ಪುಟಕ್ಕೆ ನಿಂತಿತ್ತು. ಈಗ ಆ ಹುಡುಗಿ ಮುಳುಗಿದಳೋ ಬದುಕಿದಳೋ, ಹೇಳುವವರು ಯಾರು?

ಅದಕ್ಕಿಂತ ಹೆಚ್ಚಾಗಿ, ಅತ್ತಿ ತನ್ನನ್ನು ಸುಳ್ಳಿ ಎಂದುಕೊಂಡಳಲ್ಲ ಎಂಬುದೇ ದಾನುವಿಗೆ ಬಹಳ ನೋವು. ಇಡೀ ಮನೆಯಲ್ಲಿ ದಾನು ಯಾರಿಗೂ ಹೇಳದ ಮಾತನ್ನು ಹೇಳುತ್ತಿದ್ದದ್ದು ಅತ್ತಿಗೆ ಮಾತ್ರ.

ಆ ಸಂಜೆ ದಾನು ಮಾಡದ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಮತ್ತೊಂದು ಶಬ್ದ ಅರ್ಧಕ್ಕೆ ನಿಂತಿತ್ತು.

"ಹೇಳಿದ ಮ್ಯಾಲೂ ಮುಟ್ಟಿದೀ ಅಲ್ಲ?" ಎಂದಳು ಅತ್ತಿ. ಈ ಸಲ ಬೈಯಲೇ ಇಲ್ಲ. ಬೇಸರದಿಂದ ಮುಖ ತಿರುಗಿಸಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು. "ರವಿವಾರ ಪರೀಕ್ಷಾ ಐತಿ ದಾನೂ. ನನಗ ಆಟ ಆಡಾಕ ಹೊತ್ತಿಲ್ಲ."

ಕಳ್ಳನನ್ನು ಹಿಡಿಯದೆ ಬೇರೆ ದಾರಿ ಇರಲಿಲ್ಲ. ಮರುದಿನ ದಾನು ಕೋಳಿ ಕೂಗುವ ಹೊತ್ತಿಗೇ ಎದ್ದು, ಕೌದಿಯ ಸಂದಿಯಿಂದ ಮಾಡವನ್ನೇ ನೋಡುತ್ತ ಮಲಗಿದಳು.

ಆಯಿ ಜಳಕ ಮುಗಿಸಿ ಬಂದಳು. ಕೈಯಲ್ಲಿ ವಿಭೂತಿ ಗಟ್ಟಿ. ಅದರ ಮೇಲೆ ಮೂರು ಬೆರಳು ಉಜ್ಜಿ ಹೊಸ್ತಿಲಿಗೆ ಎಳೆದಳು, ಬೀಸುಕಲ್ಲಿಗೆ ಎಳೆದಳು, ಗ್ಯಾಸ್ ಒಲೆಗೂ ಎಳೆದಳು. ಅದು ಆಯಿಯ ದಿನದ ಪದ್ಧತಿ. ಮನೆಯಲ್ಲಿ ಕೆಲಸಕ್ಕೆ ಬರುವ ವಸ್ತುವೆಲ್ಲ ಆಯಿಗೆ ದೇವರೇ. ಅಪ್ಪನ ಬೈಕಿಗೂ ದಿನಾ ವಿಭೂತಿ ತಪ್ಪಿದ್ದಲ್ಲ.

ಆಮೇಲೆ ಆಯಿ ಮಾಡದ ಮುಂದೆ ನಿಂತಳು. ಟ್ಯಾಬಿನ ಮುಚ್ಚಳ ತೆರೆದಳು. ಪರದೆಯ ಮೇಲೆ ಅತ್ತಿ ರಾತ್ರಿ ಬರೆದ ಪುಟ ಮೂಡಿತು. ಆಯಿ ಕಣ್ಣು ಮುಚ್ಚಿಕೊಂಡು ಮೂರು ಬೆರಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಎಳೆಯತೊಡಗಿದಳು.

"ಶಿವನೇ, ನನ್ನ ಮಗಳು ಬರದದ್ದರಾಗ ಒಂದ ಅಕ್ಷರನೂ ಅಳಸಬಾರದು ನೋಡಪಾ. ನಾ ಒಂದು ವರ್ಷ ಕಲತದ್ದಂತೂ ಪಾಟಿ ಮ್ಯಾಲ ಅಳಸಿ ಹೋತು. ಆಕೀದು ಉಳೀಲಿ."

ಒಮ್ಮೆ ಎಳೆದಳು. ಪೆನ್ನಿನ ಕೊನೆಯ ಗೆರೆ ಹೋಯಿತು. ಎರಡನೆಯ ಸಲ ಎಳೆದಳು. ಇನ್ನೊಂದು ಗೆರೆ ಹೋಯಿತು. ಮೂರನೆಯ ಸಲಕ್ಕೆ ಮತ್ತೊಂದು. ಆಮೇಲೆ ಕಣ್ಣು ತೆರೆದು, ಗಾಜಿನ ಮೇಲೆ ಬೂದಿ ಕಂಡರೆ ಮಗಳು ಬೈದಾಳೆಂದು ಸೆರಗಿನಿಂದ ಒರೆಸಿ ಮುಚ್ಚಳ ಹಾಕಿದಳು.

ದಾನು ಕೌದಿಯ ಸಂದಿಯಿಂದ ಎಲ್ಲ ನೋಡಿದಳು. ಮೂರು ಬೆರಳಿನಿಂದ ಎಳೆದರೆ ಕೊನೆಗೆ ಬರೆದದ್ದು ಅಳಿಯುತ್ತದೆ! ಇದು ಅತ್ತಿಗೂ ಗೊತ್ತಿಲ್ಲ. ಅತ್ತಿ ಅಳಿಸುವುದು ಪೆನ್ನಿನ ಹಿಂಬದಿಯಿಂದ.

ಓಡಿಹೋಗಿ ಅತ್ತಿಯನ್ನು ಎಬ್ಬಿಸಿ ಹೇಳಿಬಿಡಬೇಕು ಎಂದು ದಾನು ಎದ್ದು ಕುಳಿತಳು. ಅಷ್ಟರಲ್ಲಿ ಆಯಿ ಬಂದು, ಬೆರಳಿಗೆ ಉಳಿದಿದ್ದ ವಿಭೂತಿಯನ್ನು ಅವಳ ಹಣೆಗೂ ಹಚ್ಚಿದಳು.

"ನಾಗಿ ಸಾಹೇಬ ಆಗ್ಲಿ, ಆಕೀ ಹಿಂದ ನೀನೂ ಆಗು," ಎಂದು ನಕ್ಕಳು. ಮುಂದಿನ ಎರಡು ಹಲ್ಲಿಲ್ಲದ ನಗೆ.

ದಾನು ಕುಳಿತಲ್ಲಿಂದ ಏಳಲಿಲ್ಲ. ಅಳಿಸಬಾರದೆಂದು ಬೇಡಿಕೊಳ್ಳುತ್ತಿರುವ ಕೈಯೇ ಅಳಿಸುತ್ತಿದೆ ಎಂದು ಈ ಆಯಿಗೆ ಹೇಗೆ ಹೇಳುವುದು? ಹೇಳಿದರೆ ಆಯಿ ಮತ್ತೆಂದೂ ಆ ಟ್ಯಾಬಿನ ಹತ್ತಿರ ಬರುವುದಿಲ್ಲ. ಊಟ ಬಿಟ್ಟರೂ ಬಿಟ್ಟಳೇ.

ಅತ್ತಿ ಎದ್ದು ಟ್ಯಾಬ್ ತೆರೆದಳು. ಕಿತ್ತೂರು ದಂಗೆಯ ಇಸವಿಯಲ್ಲಿ ಬರೀ ಹದಿನೆಂಟು ಉಳಿದಿತ್ತು. ಮುಂದಿನ ಎರಡು ಅಂಕಿ ಇರಲಿಲ್ಲ.

"ದಾನೂ?"

ಆಯಿ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು. ದಾನು ನೆಲ ನೋಡಿದಳು.

"ಸುಮ್ಮನಿದ್ದೀ ಅಂದ್ರ ಒಪ್ಪಿಕೊಂಡಂಗ," ಎಂದಳು ಅತ್ತಿ.

ದಾನುವಿಗೆ ಅಳು ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಸಾಲಿಗೆ ಹೊರಟಳು.

ಸಾಲಿಯಲ್ಲಿ ಗಣಿತದ ಟೀಚರ್ ಭಿನ್ನರಾಶಿ ಹೇಳುತ್ತಿದ್ದಾಗ ದಾನುವಿಗೆ ಒಂದು ಉಪಾಯ ಹೊಳೆಯಿತು. ಆಯಿ ಬರುವ ಮೊದಲೇ ಎದ್ದು, ಅತ್ತಿಯ ನೋಟ್ಸಿನ ಪುಟ ಮುಚ್ಚಿ, ಪುಸ್ತಕಗಳ ಪಟ್ಟಿ ಇರುವ ಪುಟ ತೆರೆದಿಟ್ಟರೆ? ಆ ಪುಟದಲ್ಲಿ ಬರೆದದ್ದೇ ಇಲ್ಲ, ಅಳಿಸುವುದೇನು?

ಮರುದಿನ ನಸುಕಿನಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಟ್ಯಾಬಿಗೆ ಕೈ ಹಾಕಿದಳು. ಹಿಂದಿನಿಂದ ಯಾರೋ ಮುಂಗೈ ಹಿಡಿದರು.

"ಸಿಕ್ಕಿ ನೋಡು," ಎಂದಳು ಅತ್ತಿ. ಅವಳೂ ಕಳ್ಳಿಯನ್ನು ಹಿಡಿಯಲೆಂದೇ ಎದ್ದು ಕಾಯುತ್ತಿದ್ದಳು.

ಬಚ್ಚಲಿನಲ್ಲಿ ತಂಬಿಗೆ ಇಟ್ಟ ಸದ್ದಾಯಿತು. "ಅತ್ತಿ, ನಿನಗ ಕೈ ಮುಗೀತೇನಿ, ಒಂದ ನಿಮಿಷ ಸುಮ್ನಿರು," ಎಂದು ದಾನು ಅತ್ತಿಯನ್ನು ಕದದ ಹಿಂದಕ್ಕೆ ಎಳೆದುಕೊಂಡಳು.

ಆಯಿ ಬಂದಳು. ಮುಚ್ಚಳ ತೆರೆದಳು. ಕಣ್ಣು ಮುಚ್ಚಿದಳು. ಮೂರು ಬೆರಳು, ಮೂರು ಸಲ, ಅದೇ ಬೇಡಿಕೆ. ಕದದ ಸಂದಿಯಿಂದ ಎಲ್ಲವೂ ಕಾಣಿಸಿತು. ಸೆರಗಿನಿಂದ ಒರೆಸಿ, ಆಯಿ ಬೈಕಿಗೆ ವಿಭೂತಿ ಹಚ್ಚಲು ಹೊರಗೆ ಹೋದಳು.

ಅತ್ತಿ ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿದಳು. ಬೆಳ್ಳನೆಯ ಪುಡಿ ಯಾವುದೆಂದು ಈಗ ತಿಳಿಯಿತು.

"ನಿನಗ ಯಾವಾಗ ಗೊತ್ತಾತು?"

"ನಿನ್ನೆ."

"ಮತ್ತ ಯಾಕ ಹೇಳಲಿಲ್ಲ ಹುಚ್ಚಿ?"

"ಆಯಿ ಅಲ್ಲೇ ಇದ್ಲು."

ಅತ್ತಿ ದಾನುವನ್ನು ಹತ್ತಿರ ಎಳೆದುಕೊಂಡಳು. "ತಪ್ಪು ನಂದು. ನಿನ್ನ ಮ್ಯಾಲ ಸುಳ್ಳ ಸುಳ್ಳ ಸಿಟ್ಟ ಮಾಡಿದ್ನಿ. ಇನ್ನೊಮ್ಮೆ ಹಂಗ ಮಾಡೂದಿಲ್ಲ."

ದಾನುವಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂಗು ಒರೆಸಿಕೊಂಡು, "ಅತ್ತಿ, ಈ ಕಡಿಂದ ಎಳದ್ರ ಹೋಗತೈತಿ. ಆ ಕಡಿಂದ ಎಳದ್ರ?" ಎಂದಳು.

ಅತ್ತಿ ಮೂರು ಬೆರಳನ್ನು ಬಲದಿಂದ ಎಡಕ್ಕೆ ಎಳೆದಳು. ಹೋದ ಗೆರೆ ಬಂತು. ಇನ್ನೊಮ್ಮೆ ಎಳೆದಳು. ಮತ್ತೊಂದು ಬಂತು. ಮೂರನೆಯ ಸಲಕ್ಕೆ ಶಬ್ದ ಪೂರ್ತಿಯಾಯಿತು. ಒಂಚೂರೂ ಮಾಸಿರಲಿಲ್ಲ, ಈಗಷ್ಟೇ ಬರೆದ ಹಾಗಿತ್ತು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎಂಥ ಜಾಣ ಪಾಟಿ ಇದು, ಅಳಿಸಿದ್ದನ್ನೂ ನೆನಪಿಟ್ಟುಕೊಳ್ಳುತ್ತದೆ.

ಆ ಸಂಜೆ ದಾನುವಿಗೆ ಅರ್ಧ ತಾಸಲ್ಲ, ಒಂದು ತಾಸು ಟ್ಯಾಬ್ ಸಿಕ್ಕಿತು. ಹಡಗಿನ ಹುಡುಗಿ ಹಲಗೆ ಹಿಡಿದು ದಡ ಸೇರಿದಳು.

ರಾತ್ರಿ ಇಬ್ಬರೂ ದಾನುವಿನ ಉಪಾಯದಂತೆ ಪಟ್ಟಿಯ ಪುಟ ತೆರೆದಿಟ್ಟು ಮಲಗಿದರು. ಆದರೆ ಬೆಳಿಗ್ಗೆ ಆಯಿಯ ಗಾಬರಿಯ ದನಿಗೆ ಎಚ್ಚರವಾಯಿತು.

"ನಾಗೀ, ಏಳವಾ. ಮೈಯಾಗ ಆರಾಮಿಲ್ಲೇನ? ರಾತ್ರಿ ಏನೂ ಬರದಿಲ್ಲಲ್ಲ, ಪಾಟಿ ಮ್ಯಾಲ ನಿನ್ನ ಅಕ್ಷರನ ಇಲ್ಲ."

ಅತ್ತಿ ದಾನುವಿನ ಮುಖ ನೋಡಿದಳು. ದಾನು ಅತ್ತಿಯ ಮುಖ ನೋಡಿದಳು. ಆಯಿಗೆ ಓದಲು ಬರುವುದಿಲ್ಲ, ನಿಜ. ಆದರೆ ಮಗಳು ಎಷ್ಟು ಬರೆದಳು ಎಂದು ದಿನಾ ಬೆಳಿಗ್ಗೆ ನೋಡುತ್ತಿದ್ದಳು.

"ಬರದೀನಿ ಅವ್ವ, ಬ್ಯಾರೆ ಹಾಳಿ ಐತಿ ಅಷ್ಟೇ," ಎಂದು ಅತ್ತಿ ಪುಟ ತೆರೆದು ತೋರಿಸಿದ ಮೇಲೆಯೇ ಆಯಿಯ ಜೀವ ಸಮಾಧಾನವಾದದ್ದು.

ಆವತ್ತು ಅತ್ತಿ ಸೆಟ್ಟಿಂಗ್ಸ್ ಎಲ್ಲ ತಡಕಾಡಿದಳು. ಮೂರು ಬೆರಳಿನ ಆ ಆಟವನ್ನು ಬಂದ್ ಮಾಡುವುದು ಎಲ್ಲಿಯೂ ಸಿಗಲಿಲ್ಲ. ದಿನಾ ಬೆಳಿಗ್ಗೆ ಎದ್ದು ವಾಪಸ್ ಎಳೆಯಬಹುದಿತ್ತು. ಒಂದು ದಿನ ಮರೆತು, ಬಸ್ಸಿನ ಗಡಿಬಿಡಿಯಲ್ಲಿ ಮುಂದೆ ಬರೆಯತೊಡಗಿದರೆ ಹೋದದ್ದು ಹೋದಂತೆಯೇ.

ರಾತ್ರಿ ಓದು ಮುಗಿಸಿದ ಅತ್ತಿ ಪೆನ್ನನ್ನು ದಾನುವಿನ ಕೈಗೆ ಕೊಟ್ಟಳು.

"ಕೆಳಗ ಏನರ ಬರಿ. ಮೂರ ಗೆರಿ ಸಾಕು. ಹೆಂಗೂ ಮುಂಜಾನೆ ಹೋಗತೈತಿ. ನಂದು ಉಳೀತೈತಿ."

ದಾನು ಮೂರು ಅಡ್ಡ ಗೆರೆ ಎಳೆಯಲು ಹೋಗಿ ಕೈ ತಡೆದಳು. ಆಯಿ ಕಣ್ಣು ಮುಚ್ಚಿ ಅಷ್ಟು ಭಕ್ತಿಯಿಂದ ವಿಭೂತಿ ಹಚ್ಚುವಲ್ಲಿ ಬರೀ ಗೆರೆ ಇಡುವುದೆಂದರೆ ಅವಳಿಗೆ ಒಂಥರಾ ಅನ್ನಿಸಿತು. ಪೆನ್ನನ್ನು ಸರಿಯಾಗಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಕಾಪಿ ಬರೆಯುವಾಗಲೂ ಬರೆಯದಷ್ಟು ದುಂಡಗೆ, ಮೂರೇ ಗೆರೆಯಲ್ಲಿ ತನ್ನ ಹೆಸರು ಬರೆದಳು. ಪರದೆಯ ಮೇಲೆ ಅದು ಬಹಳ ಚಂದ ಕಂಡಿತು.

"ಅಯ್ಯ, ಅಷ್ಟ ಚಂದ ಬರದೀ, ಅಳಸಿ ಹೋಗತೈತಲ್ಲೇ," ಎಂದಳು ಅತ್ತಿ.

"ಹೋಗ್ಲಿ ಬಿಡು," ಎಂದಳು ದಾನು.

ಬೆಳಿಗ್ಗೆ ಅವಳು ಆಯಿಯ ಪಕ್ಕದಲ್ಲಿಯೇ ನಿಂತಳು. ಆಯಿ ಮುಚ್ಚಳ ತೆರೆದಳು, ಕಣ್ಣು ಮುಚ್ಚಿದಳು, ಬೇಡಿಕೊಂಡಳು. ಮೂರು ಬೆರಳು ಪರದೆಯ ಮೇಲೆ ಮೂರು ಸಲ ಹಾದುಹೋದವು. ದಾನುವಿನ ಹೆಸರು ಸ್ವಲ್ಪ ಸ್ವಲ್ಪವಾಗಿ ಹೋಗಿ, ಕೊನೆಗೆ ಅಲ್ಲಿ ಏನೂ ಉಳಿಯಲಿಲ್ಲ. ಮೇಲಿನ ಸಾಲುಗಳಲ್ಲಿ ಒಂದು ಸೊನ್ನೆಯೂ ಕದಲಲಿಲ್ಲ.

ಆಯಿ ಸೆರಗಿನಿಂದ ಗಾಜು ಒರೆಸಿ, ಪುಟವನ್ನು ಕಣ್ಣಿನ ಹತ್ತಿರ ಹಿಡಿದಳು.

"ನನ್ನ ಕಣ್ಣಿಗೆ ಬರೇ ಇರಿವಿ ಸಾಲ ಕಂಡಂಗ ಆಗತೈತಿ. ನೀ ನೋಡಿ ಹೇಳವಾ, ನಾಗಿ ಬರದದ್ದೆಲ್ಲಾ ಐತಿಲ್ಲೋ?"

ದಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದಳು.

"ಎಲ್ಲಾ ಐತಿ ಆಯಿ," ಎಂದಳು.