ನೆಟ್ಟಗೆ ಹೋಗದ ಡೋಜರ್

ಇಪ್ಪತ್ತೆರಡು ವರ್ಷದಿಂದ ಡೋಜರ್ ರಿಪೇರಿ ಮಾಡುತ್ತಿದ್ದೇನೆ. ದೆವ್ವ ಗಿವ್ವ ನಂಬುವ ಆಸಾಮಿಯಲ್ಲ. ಈ ಡೋಜರ್ ನೆಟ್ಟಗೆ ಹೋಗದೆ ಎಡಕ್ಕೆ ಎಳೆಯುತ್ತಿತ್ತು. ಎರಡು ಪಂಪುಗಳಿಂದ ಎಡಬಲದ ಚೈನುಗಳನ್ನು ತಿರುಗಿಸುವ ಮೋಟಾರುಗಳಿಗೆ ಎಣ್ಣೆ ಒಯ್ಯುವ ಪೈಪುಗಳನ್ನು ಅದಲುಬದಲು ಮಾಡಿದೆ. ದೋಷ ಪಂಪಿನದಾದರೆ ಈಗ ಬಲಕ್ಕೆ ಎಳೆಯಬೇಕು, ಮೋಟಾರಿನದಾದರೆ ಎಡಕ್ಕೇ. ಎಡಕ್ಕೇ ಎಳೆಯಿತು. ಆದರೆ ಗೇಜಿನಲ್ಲಿ ಎರಡೂ ಕಡೆ ಒಂದೇ ಒತ್ತಡ. ಬೆಳಗಿನಿಂದ ಓಡಿದ್ದರೂ ಎಡ ಮೋಟಾರು ಬಾವಿ ನೀರಿನಷ್ಟು ತಣ್ಣಗಿತ್ತು.

ತಲೆ ಕೆಟ್ಟು, ಗಾಡಿಯನ್ನೇ ಹಿಂದುಮುಂದು ತಿರುಗಿಸಿ ಓಡಿಸಿದೆ. ಬಲಕ್ಕೆ ಎಳೆಯಿತು. ಎರಡು ಸಲವೂ ಗೇಟಿನ ಕಡೆಗೆ!

ಗೇಟು ಕಾಯುವಾಕೆ, ಇದೇ ಡೋಜರ್ ಓಡಿಸುತ್ತಿದ್ದು ಹೋದ ತಿಂಗಳು ತೀರಿಕೊಂಡ ಆಪರೇಟರನ ಹೆಂಡತಿ.

"ಅಕ್ಕ, ಇಲ್ಲಿ ಅಪಾಯ. ಆ ಶೆಡ್ ಹತ್ರ ಹೋಗಿ ನಿಂತ್ಕೊಳ್ಳಿ" ಎಂದೆ.

ಆಕೆ ಹೋದಳು. ಡೋಜರಿನ ಮೂತಿ ನಿಧಾನವಾಗಿ ಶೆಡ್ಡಿನ ಕಡೆ ಹೊರಳಿತು. ಎರಡೂ ಲಿವರುಗಳನ್ನು ನಾನು ಸಮವಾಗಿಯೇ ಹಿಡಿದಿದ್ದೆ.

ಗಾಡಿ ನಿಲ್ಲಿಸಿ ಇಳಿದೆ. ಆಕೆ ಹತ್ತಿರ ಬಂದು ಎಡ ಮೋಟಾರಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು, "ಸರಿ ಮಾಡ್ಬಿಡ್ತೀರಾ ಅಣ್ಣ?"

ನಾನು ಪೈಪುಗಳನ್ನು ಮೊದಲಿನಂತೆ ಜೋಡಿಸಿ, ವರದಿಯಲ್ಲಿ 'ದೋಷವಿಲ್ಲ' ಎಂದು ಬರೆದೆ. ಹೊರಡುವ ಮುಂಚೆ ಆ ಮೋಟಾರನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ. ಆಕೆ ಕೈಯಿಟ್ಟಿದ್ದ ಜಾಗ ಮಾತ್ರ ಬೆಚ್ಚಗಿತ್ತು.