ಜೀರಿಗೆ ಹಾಕಿದ ಮೂರು ಇಂಟು

“ಏಯ್, ಏಯ್! ಏನೇ ಮಾಡ್ತಿದೀಯ ಅದು?”

ಲೆಕ್ಕದ ಮಿಸ್ ಓಡಿ ಬಂದು ಜೀರಿಗೆಯ ಕೈಯಿಂದ ತಮ್ಮ ಕೆಂಪು ಪೆನ್ನು ಕಿತ್ತುಕೊಂಡರು. ಅಷ್ಟರಲ್ಲಿ ಅವಳು ತನ್ನದೇ ಉತ್ತರಗಳ ಪಕ್ಕ ಮೂರು ಇಂಟು ಗುರುತು ಹಾಕಿಯಾಗಿತ್ತು.

“ಪೇಪರ್ ತಿದ್ದೋದು ಯಾರ ಕೆಲಸ? ನಿಂದೋ, ನಂದೋ?”

“ಮೊದಲು ನಂದು, ಆಮೇಲೆ ನಿಮ್ದು, ಮಿಸ್.”

ಮಿಸ್ ಪೇಪರನ್ನೂ ಹುಡುಗಿಯನ್ನೂ ಹಿಡಿದುಕೊಂಡು ಸೀದಾ ಹೆಡ್‌ಮಿಸ್ ರೂಮಿಗೆ ನಡೆದರು.

ಕಾಳಿನಷ್ಟು ಸಣ್ಣಗಿದ್ದಾಳೆ ಎಂದು ಮನೆಯಲ್ಲಿ ಅವಳಿಗೆ ಜೀರಿಗೆ ಎಂದು ಹೆಸರು. ಅಪ್ಪ ಸೇತುವೆ ಕಟ್ಟುವ ಮೇಸ್ತ್ರಿ. ಒಂದು ಸೇತುವೆ ಮುಗಿದರೆ ಗಂಟುಮೂಟೆ ಕಟ್ಟಿ ಇನ್ನೊಂದು ಊರು. ಹಾಗಾಗಿ ನಾಲ್ಕು ವರ್ಷ ಅಡುಗೆಮನೆಯ ಮೇಜೇ ಅವಳ ಸ್ಕೂಲು. ಈಗ ಅಪ್ಪನಿಗೆ ಒಂದೇ ಊರಿನಲ್ಲಿ ಖಾಯಂ ಕೆಲಸ ಸಿಕ್ಕಿತ್ತು.

ನಿನ್ನೆ ನೋಡಿದ ದೊಡ್ಡ ಸ್ಕೂಲಿನಲ್ಲಿ ಈಜುಕೊಳವಿತ್ತು. ಆದರೆ ಅಲ್ಲಿಯವರು, “ಮಾರ್ಕ್ಸ್ ಕಾರ್ಡೇ ಇಲ್ವಲ್ಲ, ಮೂರನೇ ಕ್ಲಾಸಿಗೆ ಹಾಕ್ತೀವಿ” ಎಂದಿದ್ದರು. ಅಂದರೆ ಎರಡು ವರ್ಷ ಹಿಂದಕ್ಕೆ! ಈ ಚಿಕ್ಕ ಸ್ಕೂಲಿನವರು ಟೆಸ್ಟ್ ಪಾಸಾದರೆ ಐದನೇ ಕ್ಲಾಸು ಎಂದಿದ್ದರು. “ಎರಡೂ ಬೇಡ ಅನ್ಸಿದ್ರೆ ಮನೇಲೇ ಓದು” ಎಂದಿದ್ದಳು ಅಮ್ಮ. ಆದರೆ ಜೀರಿಗೆಗೆ ಸ್ಕೂಲು ಬೇಕಿತ್ತು. ಜಗಳಕ್ಕಾದರೂ ಜೊತೆಗೆ ಮಕ್ಕಳು ಬೇಕಿತ್ತು.

ಈಗ ಎಲ್ಲ ಕೆಟ್ಟಿತಾ?

ಹೆಡ್‌ಮಿಸ್ ಕನ್ನಡಕ ಏರಿಸಿ ಪೇಪರನ್ನು ಮೇಲಿಂದ ಕೆಳಗೆ ನೋಡಿದರು.

“ಇಪ್ಪತ್ತು ಲೆಕ್ಕದಲ್ಲಿ ಎರಡು ತಪ್ಪು. ಎರಡಕ್ಕೂ ನೀನೇ ಇಂಟು ಹಾಕಿದೀಯ. ಆದ್ರೆ ಈ ಹದಿನಾಲ್ಕನೇದು ಸರಿ ಇದೆಯಲ್ಲ, ಇದಕ್ಯಾಕೆ?”

“ಅದು ಅಂದಾಜಲ್ಲಿ ಬರೆದೆ ಮಿಸ್. ಸರಿ ಬಂದ್ಬಿಟ್ಟಿದೆ. ಆದ್ರೆ ನಂಗೆ ಬರಲ್ಲ.”

ಲೆಕ್ಕದ ಮಿಸ್ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

“ಹೀಗೆ ಮಾಡು ಅಂತ ಯಾರು ಹೇಳಿಕೊಟ್ರು?” ಎಂದರು ಹೆಡ್‌ಮಿಸ್.

“ಸೇತುವೆ ಕೆಲಸದಲ್ಲಿ ಇಂಜಿನಿಯರ್ ಬರೋಕೆ ಮುಂಚೆ ಅಪ್ಪನೇ ಎಲ್ಲಾ ನೋಡ್ತಾರೆ. ಡೌಟ್ ಇದ್ದಲ್ಲಿ ಚಾಕ್‌ಪೀಸಲ್ಲಿ ಇಂಟು ಹಾಕ್ತಾರೆ. ಮುಚ್ಚಿಟ್ರೆ ಸೇತುವೆ ಬೀಳುತ್ತಲ್ಲ! ನಮ್ಮ ಟೀಚರ್ ನನ್ನ ನೋಟ್‌ಬುಕ್ಕಿಗೂ ಅದೇ ರೂಲ್ ಮಾಡಿದ್ರು.”

“ಯಾರಮ್ಮ ನಿಮ್ಮ ಟೀಚರ್?”

“ಹೊರಗಡೆ ಬೆಂಚ್ ಮೇಲೆ ಕೂತಿದಾರೆ.”

ಕರೆ ಕಳಿಸಿದ್ದೇ ತಡ, ಅಮ್ಮ ಗಾಬರಿಯಿಂದ ಒಳಗೆ ಬಂದಳು. “ಏನಾದ್ರೂ ತಪ್ಪು ಮಾಡಿದ್ಲಾ ಮೇಡಂ?”

ಹೆಡ್‌ಮಿಸ್ ಕುರ್ಚಿಯಿಂದ ಎದ್ದು ನಿಂತರು. “ಬನ್ನಿ ಟೀಚರ್, ಕೂತ್ಕೊಳ್ಳಿ.”

ಟೀಚರ್ ಯಾರು ಬಂದರೆಂದು ಅಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಜೀರಿಗೆಗೆ ನಗು ತಡೆಯಲಾಗಲಿಲ್ಲ.

“ಐದನೇ ಕ್ಲಾಸಲ್ಲಿ ಸೀಟಿದೆ,” ಎಂದರು ಹೆಡ್‌ಮಿಸ್. “ನಿಮ್ಮ ಸ್ಟೂಡೆಂಟ್ ಏನಂತಾಳೆ ಕೇಳಿ.”

ಜೀರಿಗೆ ಲೆಕ್ಕದ ಮಿಸ್ ಕಡೆ ನೋಡಿದಳು. “ಇಲ್ಲೂ ಇಂಟು ಹಾಕ್ಬಹುದಾ ಮಿಸ್?”

“ಹಾಕು ಮಾರಾಯ್ತಿ, ಪೆನ್ಸಿಲಲ್ಲಿ! ಕೆಂಪು ಪೆನ್ನು ಮಾತ್ರ ನಂದು.”

ನಾಳೆ ಹೇಳುತ್ತೇವೆಂದು ಇಬ್ಬರೂ ಹೊರಗೆ ಬಂದರು. ಗೇಟಿನ ಹತ್ತಿರ ಅಮ್ಮ ನಿಂತಳು.

“ಅಲ್ಲಿ ಈಜುಕೊಳ ಇದೆ ಕಣೇ. ಸರಿಯಾಗಿ ಯೋಚನೆ ಮಾಡು. ಆಮೇಲೆ ಅತ್ತರೆ ನಾನು ಕೇಳಲ್ಲ.”

“ಮಾಡ್ದೆ. ಅಲ್ಲಿಗೆ ಹೋದ್ರೆ ನೀನು ಕಲಿಸಿದ್ದರಲ್ಲಿ ಎರಡು ವರ್ಷ ಗೇಟಿನ ಹೊರಗೇ ಉಳ್ಕೊಳುತ್ತೆ. ಇಲ್ಲಿಗೇ ಬರ್ತೀನಿ.”

ಅಮ್ಮ ರಸ್ತೆ ದಾಟಲು ಕೈ ಚಾಚಿದಳು. ಅಂಗೈ ಒದ್ದೆಯಾಗಿ ತಣ್ಣಗಿತ್ತು.

ಒಳಗೆ ಕೂತು ಬರೆದವಳು ತಾನು. ತನ್ನ ಕೈ ಒಂದಿಷ್ಟೂ ಬೆವರಿರಲಿಲ್ಲ. ಹಾಗಾದರೆ ಇಷ್ಟು ಹೊತ್ತೂ ಆ ಬೆಂಚಿನ ಮೇಲೆ ಅಮ್ಮ...

ಜೀರಿಗೆ ಅಮ್ಮನ ಅಂಗೈಯನ್ನು ತನ್ನ ಫ್ರಾಕಿಗೆ ಚೆನ್ನಾಗಿ ಒರೆಸಿದಳು. ಆಮೇಲೆ ಅದನ್ನು ಗಟ್ಟಿಯಾಗಿ ಹಿಡಿದು ತಾನೇ ರಸ್ತೆ ದಾಟಿಸಿದಳು.